ದೊಡ್ಡಮ್ಮನಿಗೆ ಜಮೈಕಾದ ಜೋಕು

ನಾನು ಎಲ್ಲಿಯಾದರೂ ಒಂದು ಜೋಕು ಹೇಳಿದರೆ ಜನ ನಗುವುದು ಬಿಟ್ಟು ಪ್ರಶ್ನೆ ಕೇಳಲಿಕ್ಕೆ ಶುರು ಮಾಡುತ್ತಾರೆ. ಒಂದೆರಡು ಸಲ ಆದರೆ ನನ್ನ ಗ್ರಹಚಾರ ಅಂತ ಸುಮ್ಮನಿರಬಹುದಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಹೋದರೂ ಇದೇ ಪಾಡು ಅಂದರೆ ಎಂತ ಹೇಳುವುದು ಮಾರಾಯ್ರೆ.

ನಾನು ಅಡುಗೆಯವ. ಪ್ರಯಾಣಿಕರ ದೊಡ್ಡ ಹಡಗಿನಲ್ಲಿ ವರ್ಷಗಟ್ಟಲೆ ಒಲೆ ಮುಂದೆ ನಿಂತು, ಈಗ ಬ್ರಹ್ಮಾವರದಲ್ಲಿ ಸಣ್ಣದೊಂದು ಹೋಟೆಲು ಇಟ್ಟುಕೊಂಡಿದ್ದೇನೆ. ಹಡಗಿನಲ್ಲಿ ನನ್ನ ಪಕ್ಕದ ಒಲೆಯವ ಜಮೈಕಾದವ. ಬಾಗಿಲಲ್ಲಿ ತಲೆ ತಗ್ಗಿಸಿಯೇ ನುಗ್ಗಬೇಕಾದಷ್ಟು ಉದ್ದದ ಆಸಾಮಿ. ಅವನು ಈರುಳ್ಳಿ ಹೆಚ್ಚುತ್ತಾ ತನ್ನ ಊರಿನ ಜೋಕು ಹೇಳಲಿಕ್ಕೆ ಶುರು ಮಾಡಿದರೆ, ನಮಗೆ ಕಣ್ಣೀರು ಬರುತ್ತಿದ್ದದ್ದು ಈರುಳ್ಳಿಗೋ ನಗೆಗೋ ಗೊತ್ತಾಗುತ್ತಿರಲಿಲ್ಲ. ಕೇಳಿದರೆ ಅವನ ಊರೂ ನಮ್ಮದರ ಹಾಗೆಯೇ. ಕಡಲು, ತೆಂಗು, ಮೀನು, ತುಂಬಿ ತುಳುಕುವ ಬಸ್ಸು, ಪಕ್ಕದ ಮನೆಯಲ್ಲಿ ಇವತ್ತು ಎಂತ ಸಾರು ಅಂತ ವಿಚಾರಿಸುವ ಜನ. ಹಾಗಾಗಿ ಅವನ ಜೋಕು ನಮ್ಮಲ್ಲಿಯೂ ನಡೆದೀತು ಅಂತ ನಾನು ಅಂದಾಜು ಮಾಡಿದೆ.

ರಜೆಗೆ ಬರುವಾಗ ಬೇರೆಯವರು ಸೆಂಟು, ಚಾಕಲೇಟು ತರುತ್ತಿದ್ದರು. ನಾನು ಅವೆರಡರ ಜೊತೆಗೆ ಅವನ ಜೋಕುಗಳನ್ನೂ ತರುತ್ತಿದ್ದೆ. ತರುತ್ತಿದ್ದದ್ದು ಮುಖ್ಯವಾಗಿ ಒಬ್ಬರಿಗೆ, ನಮ್ಮ ದೊಡ್ಡಮ್ಮನಿಗೆ. ಅಮ್ಮ ಹೋದ ಮೇಲೆ ನನ್ನನ್ನು ಹಟ್ಟಿಯಂಗಡಿ ಹತ್ತಿರದ ತನ್ನ ಮನೆಯಲ್ಲಿ ಸಾಕಿದವಳು ಅವಳೇ. ಸಿಡುಕಿ ಅಂತ ತಿಳಿಯಬೇಡಿ. ಮೀನಿನವಳಿಂದ ಹಿಡಿದು ಪೋಸ್ಟಿನವರವರೆಗೆ ಎಲ್ಲರೂ ಅವಳ ಜಗಲಿಯಲ್ಲಿ ಕೂತು ಬೆಲ್ಲ ನೀರಿನ ಆಸರಿಗೆ ಕುಡಿದೇ ಹೋಗುವವರು. ಆದರೆ ಜೋಕಿಗೆ ಮಾತ್ರ ಅವಳು ನಗುವುದಿಲ್ಲ. ಜೋಕಿನಲ್ಲಿ ಒಬ್ಬ ಜಾರಿ ಬಿದ್ದ ಅಂದರೆ ನಾವೆಲ್ಲ ನಗುತ್ತೇವೆ, ಅವಳು ಮೊಣಕಾಲಿಗೆ ಎಣ್ಣೆ ಹಚ್ಚಿದನಾ ಅಂತ ಕೇಳುತ್ತಾಳೆ.

ಇದನ್ನು ಹಡಗಿನಲ್ಲಿ ಹೇಳಿದಾಗ ಜಮೈಕಾದವ ಚೂರಿ ಕೆಳಗಿಟ್ಟ. "ನನ್ನ ಜೋಕಿಗೆ ನಗದ ಹೆಂಗಸು ಭೂಮಿ ಮೇಲೆ ಇಲ್ಲ. ನೀನು ಹೇಳುವುದು ಸರಿ ಇಲ್ಲ" ಅಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ದೊಡ್ಡದು ಆಸೆ. ನಾನು ಹಡಗು ಹತ್ತಲಿಕ್ಕೆ ಹೊರಟ ದಿನ ದೊಡ್ಡಮ್ಮ ಬಾವಿಕಟ್ಟೆ ಹತ್ತಿರ ನಿಂತು ಅತ್ತದ್ದನ್ನು ನೋಡಿದ್ದೇನೆ. ನನ್ನ ದೆಸೆಯಿಂದ ಅತ್ತವಳು ನನ್ನ ದೆಸೆಯಿಂದ ಒಮ್ಮೆ ಹೊಟ್ಟೆ ತುಂಬ ನಗಬೇಕು. ಅವಳಿಗೂ ವಯಸ್ಸಾಗುತ್ತಾ ಬಂತು. ನನಗೆ ಬೇಕಾಗಿದ್ದದ್ದು ಅದೊಂದೇ.

ಟೋಪಿಯೊಳಗಿನ ಹುಂಜ

ಮೊದಲು ಹೇಳಿದ್ದು ಇದು. ಜಮೈಕಾದ ಒಂದು ಹಳ್ಳಿಯಲ್ಲಿ ಒಬ್ಬ ಪಕ್ಕದ ಮನೆಯ ಹುಂಜ ಕದ್ದು, ದೊಡ್ಡ ಟೋಪಿಯೊಳಗೆ ಅಡಗಿಸಿಕೊಂಡು ಹೊರಟ. ದಾರಿಯಲ್ಲಿ ಪಾದ್ರಿ ಎದುರಾದರು. ಪಾದ್ರಿ ಸಿಕ್ಕಿದರೆ ಟೋಪಿ ತೆಗೆಯುವುದು ಅಲ್ಲಿಯ ಮರ್ಯಾದೆ. ಇವ ತೆಗೆಯಲಿಲ್ಲ. ಯಾಕಪ್ಪ ಅಂತ ಅವರು ಕೇಳಿದ್ದಕ್ಕೆ, "ತಲೆ ವಿಪರೀತ ನೋಯ್ತದೆ ಫಾದರ್. ಬೆಳಿಗ್ಗೆಯಿಂದ ಒಳಗೆ ಯಾರೋ ಕುಕ್ಕಿದ ಹಾಗೆ ಆಗ್ತದೆ" ಅಂದ. ಅಷ್ಟರಲ್ಲಿ ಟೋಪಿಯೊಳಗಿನಿಂದ ಹುಂಜ ಜೋರಾಗಿ ಕೂಗಿತು. ಇವ ಅಳುಮುಖ ಮಾಡಿಕೊಂಡು, "ಕೇಳಿದ್ರಾ ಫಾದರ್, ಎಷ್ಟು ಜೋರು ನೋವು ಅಂತ?" ಅಂದ.

ನಾನು ಹೇಳಿ ಮುಗಿಸಿ ದೊಡ್ಡಮ್ಮನ ಮುಖ ನೋಡಿದೆ.

"ಪಾಪ, ಹುಂಜನಿಗೆ ಉಸಿರ್ ಕಟ್ಟಲಿಲ್ಯಾ?" ಅಂದಳು.

"ದೊಡ್ಡಮ್ಮ, ಅದು ಜೋಕು."

"ಜೋಕ್ ಆಯ್ಲಿ ಮಗಾ. ಟೋಪಿ ಒಳ್ಗೆ ಗಾಳಿ ಹೋಪುದ್ ಹ್ಯಾಂಗೆ?"

ಜಗಲಿಯ ಇನ್ನೊಂದು ತುದಿಯಲ್ಲಿ ಪಕ್ಕದ ಮನೆ ಅಣ್ಣಯ್ಯ ಕೂತಿದ್ದ. ಆಸುಪಾಸಿನಲ್ಲಿ ಎಲ್ಲಿ ಕೋಳಿ ಕಾಳಗದ ಅಂಕ ಇದ್ದರೂ ತಪ್ಪಿಸದ, ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಅಂತ ಬಾಯಿಪಾಠ ಇರುವ ಮನುಷ್ಯ. ಅವನಾದರೂ ನಕ್ಕಾನು ಅಂತ ಆ ಕಡೆ ತಿರುಗಿದೆ. ಅವನ ಮುಖ ಪರೀಕ್ಷೆ ಬರೆಯುವವನ ಹಾಗೆ ಬಿಗಿದುಕೊಂಡಿತ್ತು.

"ಹ್ವಾಯ್, ಹುಂಜನ ಬಣ್ಣ ಎಂತದ್?"

"ಬಣ್ಣ ಗೊತ್ತಿಲ್ಲ ಅಣ್ಣಯ್ಯ."

"ಬಣ್ಣ ಗೊತ್ತಿಲ್ದೆ ಹುಂಜನ ಕತಿ ಹೇಳುಕ್ ಬಂದ್ಯಾ ನೀನ್? ಯಾವ ವಾರ ಕದ್ದದ್?"

ಕತೆ ಕೈ ತಪ್ಪಿ ಹೋಗುತ್ತಿತ್ತು. ತಪ್ಪಿಸಿಕೊಳ್ಳಲಿಕ್ಕೆ ಕೆಂಪು ಅಂದೆ, ಆದಿತ್ಯವಾರ ಅಂದೆ. ಅಣ್ಣಯ್ಯ ಕಣ್ಣು ಮುಚ್ಚಿ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ. ಆಮೇಲೆ ದೊಡ್ಡ ಉಸಿರು ಬಿಟ್ಟು, "ಹಾಂಗಾರೆ ಕಳ್ಳಂದ್ ತಪ್ಪಿಲ್ಲೆ. ಅಂಥಾ ಹುಂಜ ಆದ್ರೆ ಪಾದ್ರಿಯವ್ರೇ ಕದೀತಿದ್ರ್" ಅಂದ.

ಒಂಟಿ ಕಾಲಿನ ಪ್ರಯಾಣಿಕ

ಮನೆಯಲ್ಲಿ ಹೇಳಿದ್ದು ಫಲ ಕೊಡದ ಮೇಲೆ, ಹೊರಗೆ ನಾಲ್ಕು ಜನರ ಮುಂದೆ ಹೇಳಿ ಅಭ್ಯಾಸ ಮಾಡುವ ಅಂತ ಆಯಿತು. ಬೈಂದೂರಿಗೆ ಒಂದು ಮದುವೆಗೆ ಹೋಗುವ ದಿನ ಕುಂದಾಪುರದಲ್ಲಿ ಬಸ್ಸು ಹತ್ತಿದೆ. ಬಸ್ಸು ಹೇಗಿತ್ತು ಅಂದರೆ, ನನ್ನ ಕೈ ನನ್ನ ಕಿಸೆಯಲ್ಲಿಯೇ ಇದೆಯಾ ಅಂತ ಸಂಶಯ ಬರುತ್ತಿತ್ತು. ಕಂಡಕ್ಟರು ಮಾತ್ರ "ಹಿಂದೆ ಹೋಯ್ನಿ, ಹಿಂದೆ ಹೋಯ್ನಿ, ಹಿಂದೆ ಎಲ್ಲ ಖಾಲಿ" ಅಂತ ಒಂದೇ ಸಮನೆ ಕೂಗುತ್ತಿದ್ದ.

ಇಂಥದ್ದಕ್ಕೇ ಸರಿಯಾಗಿ ನನ್ನಲ್ಲಿ ಒಂದು ಜೋಕು ಇತ್ತು. ಟಿಕೆಟಿಗೆ ಬಂದಾಗ ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಅವನಿಗೆ ಹೇಳಿದೆ. ಜಮೈಕಾದಲ್ಲಿ ಸಣ್ಣ ಸಣ್ಣ ವ್ಯಾನೇ ಬಸ್ಸು. ಹೀಗೆಯೇ ತುಂಬಿಸುತ್ತಾರೆ. ಒಬ್ಬ ಪ್ರಯಾಣಿಕ ಸಿಟ್ಟಿನಿಂದ, "ಕಂಡಕ್ಟರೇ, ಪೇಟೆ ಬಿಟ್ಟಾಗಿಂದ ನಾನು ಒಂದೇ ಕಾಲಲ್ಲಿ ನಿಂತಿದ್ದೇನೆ, ಇನ್ನೊಂದು ಕಾಲು ಇಡಲಿಕ್ಕೆ ಜಾಗ ಇಲ್ಲ" ಅಂದನಂತೆ. ಅದಕ್ಕೆ ಅಲ್ಲಿಯ ಕಂಡಕ್ಟರು, "ಒಳ್ಳೆಯದಾಯಿತು. ಆ ಕಾಲು ಮೇಲೆಯೇ ಇರಲಿ, ಮುಂದಿನ ಸ್ಟಾಪಿನಲ್ಲಿ ಅದರ ಜಾಗಕ್ಕೆ ಇನ್ನೂ ಒಬ್ಬರು ಹತ್ತಲಿಕ್ಕೆ ಇದ್ದಾರೆ" ಅಂದನಂತೆ.

ನಮ್ಮ ಕಂಡಕ್ಟರು ಟಿಕೆಟು ಹರಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದ.

"ಅಲ್ಲ ಮಾರಾಯ್ರೆ, ಆ ವ್ಯಾನಂಗೆ ಎಷ್ಟ್ ಜನ ಹಾಕ್ತ್ರ್?"

"ಸೀಟು ಇದ್ದದ್ದರ ಎರಡರಷ್ಟು ಜನ ಇರ್ತಾರಂತೆ" ಅಂದೆ, ಅವನಿಗೆ ದಿಗಿಲಾಗಲಿ ಅಂತ.

"ಅಷ್ಟೆಯಾ?" ಅವನ ದನಿಯಲ್ಲಿ ನಿಜವಾಗಿ ಕನಿಕರ ಇತ್ತು. "ಪಾಪ, ಅಲ್ಲಿ ಕಲೆಕ್ಷನ್ ಕಮ್ಮಿ ಕಾಣತ್ತ್."

ಅಷ್ಟು ಹೇಳಿ, ಮರವಂತೆಯಲ್ಲಿ ಕೈ ಮಾಡಿದ ಒಂದು ಇಡೀ ದಿಬ್ಬಣವನ್ನು ಹತ್ತಿಸಿಕೊಂಡ.

ವರ ಕೊಟ್ಟ ಮೀನು

ದೊಡ್ಡವರ ಸಹವಾಸ ಸಾಕಾಯಿತು, ಮಕ್ಕಳಿಗೆ ಹೇಳಿ ನೋಡುವ ಅಂತ ತೋರಿತು. ಕಡಲ ಕರೆಯಲ್ಲಿ, ದಡದ ಮೇಲೇ ಇರುವ ಒಂದು ಶಾಲೆಯ ಟೀಚರು ನಮ್ಮ ಹೋಟೆಲಿನ ಖಾಯಂ ಗಿರಾಕಿ. ಅವರು ಕರೆದರು, ಹೋದೆ. ಮಕ್ಕಳೆಲ್ಲ ಮೀನುಗಾರರ ಮನೆಯವರು, ಬಾಯಿ ಬಿಟ್ಟುಕೊಂಡು ಕೂತವು. ಇದೊಂದು ಕಡೆ ನನಗೆ ಗೆಲುವು ಖಂಡಿತ ಅಂದುಕೊಂಡೆ.

ಜಮೈಕಾದ ಒಬ್ಬ ಬೆಸ್ತನ ಬಲೆಗೆ ಮಾತಾಡುವ ಮೀನು ಸಿಕ್ಕಿತು. "ನನ್ನನ್ನು ಬಿಡು, ಮೂರು ವರ ಕೊಡ್ತೇನೆ" ಅಂತು. ಬೆಸ್ತ ತಲೆ ಕೆರೆದುಕೊಂಡು, "ಒಂದು ಬಾಣಲೆ ಬೇಕು" ಅಂದ. ಬಂತು. "ಒಂದು ಡಬ್ಬಿ ಎಣ್ಣೆ ಬೇಕು" ಅಂದ. ಬಂತು. ಮೀನಿಗೆ ಸ್ವಲ್ಪ ಹೆದರಿಕೆ ಶುರುವಾಯಿತು. "ಮೂರನೆಯದು ಎಂತ?" ಅಂತ ಸಣ್ಣ ದನಿಯಲ್ಲಿ ಕೇಳಿತು. ಬೆಸ್ತ, "ಬೆಂಕಿ ಹೊತ್ತಿಸಲಿಕ್ಕೆ ನನ್ನಲ್ಲೇ ಕಡ್ಡಿಪೆಟ್ಟಿಗೆ ಇದೆ. ನೀನು ಒಂಚೂರು ಮಗ್ಗುಲಾಗಿ ಮಲಗು, ಅಷ್ಟೇ" ಅಂದ.

ಒಂದು ಮಗುವೂ ನಗಲಿಲ್ಲ. ಎಲ್ಲ ಕೈಗಳೂ ಒಟ್ಟಿಗೇ ಮೇಲೆ ಹೋದವು.

"ಯಾವ ಮೀನ್ ಸರ್?"

"ಯಾವುದೋ ಒಂದು ಮೀನು ಮಗಾ."

"ಬಂಗ್ಡಿಯಾ, ಅಂಜಲಾ? ಅಂಜಲ್ ಆದ್ರೆ ಕಾಯ್ಸುದ್ ಎಂತಕ್ಕೆ ಸರ್, ಮಾರಿರೆ ಒಳ್ಳೆ ರೇಟ್ ಸಿಕ್ತಿತ್ತ್."

ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತಳು. ಅವಳ ಮುಖದಲ್ಲಿ ನನ್ನ ಮೇಲೆ ಬೇಜಾರು ಕಾಣುತ್ತಿತ್ತು. "ಸರ್, ಅವ ಮಸಾಲಿ ಕೇಂಡದ್ದೇ ಇಲ್ಲೆ. ಮಸಾಲಿ ಹಚ್ಚದೆ ಬಾಣಲಿಗೆ ಹಾಕಿರೆ ಎಂತ ರುಚಿ ಆತ್ತ್? ಮೂರನೇ ವರ ಸುಮ್ನೆ ಹಾಳ್ ಮಾಡ್ದ."

ಇಡೀ ತರಗತಿ ಹೌದು ಹೌದು ಅಂತು. ಟೀಚರು ಕೂಡ ಹೌದು ಅಂದರು. ಅಡುಗೆಯವನಾಗಿ ನಾನೂ ಹೌದು ಅನ್ನಬೇಕಾಯಿತು.

ಬಂದು ದೊಡ್ಡಮ್ಮನಿಗೆ ಅದೇ ಕತೆ ಹೇಳಿದೆ. ಅವಳು ಕೇಳಿ ಮುಗಿಸಿ, "ಪಾಪ, ಆ ಮೀನ್" ಅಂದು ಒಳಗೆ ಹೋದಳು. ಮಧ್ಯಾಹ್ನ ನನ್ನ ಬಟ್ಟಲಿಗೆ ಎರಡು ಬಂಗ್ಡಿ ಬಿತ್ತು, ಅವಳ ಬಟ್ಟಲಿನಲ್ಲಿ ಬರೀ ಮಜ್ಜಿಗೆ ಅನ್ನ. ಯಾಕೆ ದೊಡ್ಡಮ್ಮ ಅಂದರೆ, "ನೀನ್ ಉಣ್ಣ್ ಮಗಾ. ನಂಗೆ ಅದ್ ಈಗ ಎಂತಾರೂ ಮಾತಾಡುಗ್ ಅಂತ ಕಾಣತ್ತ್" ಅಂದಳು. ನಗಿಸಲು ಹೋಗಿ ಅವಳಿಗೆ ಮೀನು ಬಿಡಿಸಿದೆ. ಹೋಳಿಗೆ ಬಿಡಿಸಿದ್ದರೂ ಇಷ್ಟು ಪಾಪ ಸುತ್ತುತ್ತಿರಲಿಲ್ಲ.

ಕಂಡು ಸುಮಾರು ಸಮಯ ಆಯಿತು

ಇದನ್ನೆಲ್ಲ ಫೋನಿನಲ್ಲಿ ಜಮೈಕಾದವನಿಗೆ ಹೇಳಿದೆ. ಅವನು ಇನ್ನೂ ಅದೇ ಹಡಗಿನಲ್ಲಿ ಇದ್ದಾನೆ. ಬಿದ್ದು ಬಿದ್ದು ನಕ್ಕ. ಆಮೇಲೆ, ಹಡಗು ಮಂಗಳೂರು ಬಂದರಿಗೆ ಬರುತ್ತದೆ, ಒಂದು ದಿನ ನಿಲ್ಲುತ್ತದೆ, ನಾನೇ ಬಂದು ನಿನ್ನ ದೊಡ್ಡಮ್ಮನನ್ನು ನಗಿಸಿ ಸಂಜೆಯೊಳಗೆ ವಾಪಸು ಹೋಗುತ್ತೇನೆ ಅಂದ. ನನಗೆ ಸಂತೋಷವೂ ಆಯಿತು, ಒಳಗೊಳಗೆ ಉರಿಯೂ ಆಯಿತು. ಅವನ ಮಾತಿಗೆ ಅವಳು ನಕ್ಕುಬಿಟ್ಟರೆ ನನ್ನ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಸುದ್ದಿ ಕೇಳಿದ ಪಕ್ಕದ ಮನೆ ಅಣ್ಣಯ್ಯನ ಮೊದಲ ಪ್ರಶ್ನೆ, "ಅವ ಯಾರ ಮನಿಯವ?"

"ಅಣ್ಣಯ್ಯ, ಅವ ಜಮೈಕಾದವ."

"ಅದ್ ಗೊತ್ತಾಯ್ತ್. ಅಲ್ಲಿ ಯಾರ ಮನಿಯವ?"

ನಮ್ಮಲ್ಲಿ ಒಬ್ಬ ಮನುಷ್ಯ ಯಾರ ಮನೆಯವ ಅಂತ ಗೊತ್ತಾಗದೆ ಅವನಿಗೆ ನೀರು ಕೊಟ್ಟರೂ ಅದು ಗಂಟಲಲ್ಲಿ ಇಳಿಯುವುದಿಲ್ಲ. ಅಣ್ಣಯ್ಯ ಬೇರೆ ದಾರಿ ಹಿಡಿದು, ಅಲ್ಲಿ ಎಂತ ಬೆಳೆಯುತ್ತಾರೆ ಅಂತ ಕೇಳಿದ. ತೆಂಗು, ಬಾಳೆ, ಮತ್ತೆ ನಮ್ಮ ಹಲಸಿನ ಜಾತಿಯ ಜೀಗುಜ್ಜೆ ಅಂದೆ.

"ಜೀಗುಜ್ಜಿ ಇತ್ತಾ?" ಅಣ್ಣಯ್ಯ ಎದ್ದು ನಿಂತ. "ಹಾಂಗಾರೆ ಪರದೇಶ ಅಲ್ಲ ಬಿಡ್. ನಮ್ ಅಜ್ಜಯ್ಯನ ತಮ್ಮ ಒಬ್ರ್ ಊರ್ ಬಿಟ್ಟ್ ಹೋದವ್ರ್ ವಾಪಾಸ್ ಬರ್ಲೇ ಇಲ್ಲೆ."

"ಅವರು ಮುಂಬೈಗೆ ಹೋಟೆಲಿಗೆ ಹೋದದ್ದಲ್ಲವಾ?"

"ಮುಂಬೈಯಿಂದ ಮುಂದೆ ಹೋಪುಕ್ ಆಗ ಅಂತ ಇತ್ತಾ? ನಿನ್ ದೋಸ್ತಿ ಉದ್ದ ಇದ್ನಾ, ಗಿಡ್ಡ ಇದ್ನಾ?"

"ಉದ್ದ."

"ಅಜ್ಜಯ್ಯನ ತಮ್ಮನೂ ಉದ್ದವೇ" ಅಂದ ಅಣ್ಣಯ್ಯ. ಅಲ್ಲಿಗೆ ಅವನ ಮಟ್ಟಿಗೆ ವಿಷಯ ಇತ್ಯರ್ಥ ಆಯಿತು.

ಆ ದಿನ ಟ್ಯಾಕ್ಸಿಯಿಂದ ಜಮೈಕಾದವ ಇಳಿದು ತಲೆ ತಗ್ಗಿಸಿ ನಮ್ಮ ಜಗಲಿ ಹತ್ತಿದ. ಅಣ್ಣಯ್ಯ ಹೊಸ ಪಂಚೆ ಉಟ್ಟುಕೊಂಡು ಕಾದು ಕೂತಿದ್ದ. ಎದ್ದು ಅವನ ಎರಡೂ ಕೈ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ನೋಡುತ್ತಿರುವ ಆ ಮನುಷ್ಯನಿಗೆ ಹೇಳಿದ: "ಎಂತ ಬಾವಾ, ಕಂಡ್ ಸುಮಾರ್ ಸಮಯ ಆಯ್ತಲೆ. ಒಂಚೂರ್ ಸೊರಗಿದ್ದಿ."

ಕಡಲ ಕರೆಯ ಮೂಗು

ದೊಡ್ಡಮ್ಮ ಬೆಳಿಗ್ಗೆಯಿಂದ ಒಲೆ ಬುಡದಲ್ಲೇ ಇದ್ದಳು. ಕೋಳಿ ಸಾರು, ರೊಟ್ಟಿ, ಹಿಟ್ಟಿನಲ್ಲಿ ಅದ್ದಿ ಕರಿದ ಜೀಗುಜ್ಜೆ ಪೋಡಿ. ಜಮೈಕಾದವ ಜೀಗುಜ್ಜೆ ಕಂಡು ಅಮ್ಮನನ್ನು ಕಂಡವನ ಹಾಗೆ ಆದ. ಕುಂದಾಪುರದಲ್ಲಿ ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳು ಬಡಿಸಲಿಕ್ಕೆ ನಿಂತಿದ್ದಳು. ಅವನ ಮಾತನ್ನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಊಟದ ನಡುವೆಯೇ ಅವನು ಕೆಲಸ ಶುರು ಮಾಡಿದ. ಹುಂಜನ ಜೋಕನ್ನು ಎದ್ದು ನಿಂತು, ತಲೆ ಮೇಲೆ ಬಟ್ಟಲು ಇಟ್ಟುಕೊಂಡು ಆಡಿ ತೋರಿಸಿದ. ತಂಗಿಯ ಮಗಳು ನಕ್ಕಳು, ಅಣ್ಣಯ್ಯ ನಕ್ಕ, ಟ್ಯಾಕ್ಸಿಯವನೂ ನಕ್ಕ. ದೊಡ್ಡಮ್ಮ ಮಾತ್ರ, "ಪಾಪ, ಅವ ಉಂಬುದ್ ಬಿಟ್ಟ್ ಎಂತಕ್ಕೆ ಏಳ್ತ? ಕೂಕಣುಕ್ ಹೇಳ್" ಅಂದಳು. ನನಗೆ ಹೇಳಿಕೊಳ್ಳಲಾಗದಷ್ಟು ಖುಷಿ ಆಯಿತು. ಅವನು ಬೆವರು ಒರೆಸಿಕೊಂಡು ಕೂತ.

ಆಗ ದೊಡ್ಡಮ್ಮ ತಾನಾಗಿಯೇ ಕೇಳಿದಳು, "ನೀನ್ ಅಲ್ಲಿ ಹ್ಯಾಂಗಿದ್ದಿ ಅಂತ ಅವನ್ ಹತ್ರ ಕೇಣ್. ಎಲ್ಲರ ಕೈಯಂಗೆ ಒಳ್ಳೆವ ಅನ್ಸಿಕಂಡಿದ್ಯಾ?"

ಜಮೈಕಾದವ ನನ್ನ ಕಡೆ ನೋಡಿದ. ಅವನ ಮುಖ ಅರಳಿತು. "ಮೂಗಿನ ಕತೆ ಹೇಳಲಾ?" ಅಂದ. ಬೇಡ ಅಂತ ಕಣ್ಣಿನಲ್ಲೇ ಬೇಡಿಕೊಂಡೆ. ಆ ಕತೆ ದೊಡ್ಡಮ್ಮನಿಗೆ ಗೊತ್ತಾದರೆ ಅವಳ ಮನಸ್ಸಿಗೆ ನೋವಾದೀತು ಅಂತ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವನು ಶುರು ಮಾಡಿಯೇ ಬಿಟ್ಟ.

ನಡೆದದ್ದು ಇಷ್ಟು. ನಡುಗಡಲಿನಲ್ಲಿ, ಕೆಲಸದವರ ಕೋಣೆಗಳ ಸಾಲಿನಲ್ಲಿ ಒಂದು ವಾಸನೆ ಎದ್ದಿತು. ದಿನದಿಂದ ದಿನಕ್ಕೆ ಜೋರಾಯಿತು. ಕೊನೆಗೆ ಕ್ಯಾಪ್ಟನ್ನೇ ಮೂಗಿಗೆ ಕರವಸ್ತ್ರ ಹಿಡಿದು ಕೆಳಗೆ ಬಂದರು. ಆಗ ನಾನು ಮುಂದೆ ಬಂದು, "ಸರ್, ನಾನು ಕಡಲ ಕರೆಯಲ್ಲಿ ಹುಟ್ಟಿದವ. ನನ್ನ ಮೂಗಿಗೆ ಗೊತ್ತಿಲ್ಲದ ವಾಸನೆ ಇಲ್ಲ. ನನಗೆ ಬಿಡಿ" ಅಂದಿದ್ದೆ.

ಇದನ್ನು ನಾನು ದೊಡ್ಡಮ್ಮನಿಗೆ, "ಕ್ಯಾಪ್ಟನ್ನಿಗೆ ನನ್ನ ಮೇಲೆ ತುಂಬ ನಂಬಿಕೆ ಇತ್ತು ಅಂತ ಹೇಳ್ತಿದ್ದಾನೆ" ಅಂದೆ.

"ಮಾವ, ಅವ್ರ್ ಹೇಳದ್ದ್ ಅದಲ್ಲ" ಅಂದಳು ತಂಗಿಯ ಮಗಳು. ರೊಟ್ಟಿ ತಟ್ಟೆ ಕೆಳಗಿಟ್ಟು ದೊಡ್ಡಮ್ಮನ ಪಕ್ಕ ಕೂತು ತಾನೇ ಕನ್ನಡ ಮಾಡಿ ಹೇಳಲಿಕ್ಕೆ ಶುರು ಮಾಡಿದಳು. ಕಾಲೇಜಿಗೆ ಕಳಿಸಿದ್ದರ ಫಲ.

ಮುಂದೆ ನಾನು, ನನ್ನ ಹಿಂದೆ ಕ್ಯಾಪ್ಟನ್, ಅವರ ಹಿಂದೆ ಸ್ಪ್ಯಾನರು ಸುತ್ತಿಗೆ ಹಿಡಿದ ಎಂಜಿನಿಯರುಗಳು. ಪ್ರತಿ ಬಾಗಿಲಿನಲ್ಲೂ ನಾನು ನಿಂತು, ಕಣ್ಣು ಮುಚ್ಚಿ, ಉಸಿರು ಎಳೆದು, "ಇಲ್ಲಲ್ಲ" ಅನ್ನುತ್ತಿದ್ದೆನಂತೆ. ಪೈಪು ಬಿಚ್ಚಿಸಿದೆ. ತಲೆ ಮೇಲಿನ ಹಲಗೆ ಕೀಳಿಸಿದೆ. ಯಾರೋ ಒಬ್ಬ, ಇದು ಮೀನಿನ ವಾಸನೆಯಾ ಅಂತ ಸಂಶಯ ಪಟ್ಟದ್ದಕ್ಕೆ, "ಮೀನಿನ ವಾಸನೆ ನನಗೆ ಕಲಿಸ್ತೀಯಾ? ಇದು ಸತ್ತ ಇಲಿ" ಅಂತ ಗದರಿಸಿದೆ. ಕೊನೆಗೆ ಉಳಿದದ್ದು ನನ್ನದೇ ಕೋಣೆ. ಬಾಗಿಲು ತೆರೆದ ಕೂಡಲೇ ಕ್ಯಾಪ್ಟನ್ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆ ಹಿಡಿದುಕೊಂಡರು. ನಾನು ಒಳಗೆ ಹೋಗಿ, ನಡುವಲ್ಲಿ ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, "ಇಲ್ಲಿ ಎಂತದೂ ಇಲ್ಲ ಸರ್. ಇಲ್ಲಿ ಮನೆಯ ಹಾಗೆ ಇದೆ" ಅಂದೆ.

ಜಮೈಕಾದವ ನನ್ನ ಮಂಚದ ಕೆಳಗಿನ ಚೀಲ ಎಳೆದ. ಬಟ್ಟೆಗಳ ಅಡಿಯಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಣಮೀನಿನ ದೊಡ್ಡ ಗಂಟು. ಹೊರಡುವ ದಿನ ದೊಡ್ಡಮ್ಮ ನನಗೆ ಹೇಳದೆ ಇಟ್ಟದ್ದು.

ತಂಗಿಯ ಮಗಳು ಹೇಳಿ ಮುಗಿಸಿದಳು. ದೊಡ್ಡಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಹೆಗಲು ಅಲ್ಲಾಡುತ್ತಿತ್ತು. ಅಳಿಸಿಬಿಟ್ಟೆವಲ್ಲ ಅಂತ ಎದ್ದು ಹತ್ತಿರ ಹೋದೆ. ಸೆರಗು ಸರಿಯಿತು. ದೊಡ್ಡಮ್ಮ ನಗುತ್ತಿದ್ದಳು. ದನಿಯೇ ಹೊರಡದ ಹಾಗೆ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. "ಮನಿ ಹಾಂಗ್ ಇತ್ತ್ ಅಂದ್ನಾ" ಅನ್ನುತ್ತಾಳೆ, ಮತ್ತೆ ನಗುತ್ತಾಳೆ. ನನ್ನನ್ನು ನೋಡುತ್ತಾಳೆ, ಮತ್ತೆ ನಗುತ್ತಾಳೆ. ನನಗೂ ಕಣ್ಣು ತುಂಬಿ ಬಂತು. ಅವಮಾನಕ್ಕಲ್ಲ, ಖುಷಿಗೆ. ಇಷ್ಟು ಚಂದ ನಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೂ ಬಿಗುಮಾನ ನನ್ನನ್ನು ಬಿಡಲಿಲ್ಲ. "ಹುಂಜನಿಗೂ ಪಾಪ ಅಂದಿ, ಮೀನಿಗೂ ಪಾಪ ಅಂದಿ. ನನಗೆ ಇಲ್ಲವಾ ದೊಡ್ಡಮ್ಮ?" ಅಂದೆ.

"ನಿಂಗೆಂತಕ್ಕೆ ಪಾಪ? ನನ್ ಕಣ್ಣ್ ಮುಂದೆ ಕೂಕಂಡ್ ಸಮಾ ಉಂತಿದ್ಯಲೆ" ಅಂದಳು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು, "ಆ ಮೀನ್ ಕಡಿಕ್ ಎಂತ ಆಯ್ತ್?"

ಕ್ಯಾಪ್ಟನ್ ಅದನ್ನು ಕಡಲಿಗೆ ಎಸೆಯಲಿಕ್ಕೆ ಹೇಳಿದರು, ಆದರೆ ಜಮೈಕಾದಲ್ಲಿ ಉಪ್ಪು ಮೀನು ಅಂದರೆ ಬೆಳಗಿನ ತಿಂಡಿ, ಇವನಿಗೆ ಎಸೆಯಲಿಕ್ಕೆ ಮನಸ್ಸು ಬರಲಿಲ್ಲ, ಈರುಳ್ಳಿ ಮೆಣಸು ಹಾಕಿ ಹುರಿದು ನಾವಿಬ್ಬರೂ ತಿಂದೆವು ಅಂತ ಹೇಳಿದೆ.

"ಮತ್ತೆ ಕ್ಯಾಪ್ಟನ್?"

"ಅವರು ಎಂತದ್ದು ತಿನ್ನುವುದು ದೊಡ್ಡಮ್ಮ?"

"ಅದೇ ಕ್ಯಾಪ್ಟನ್ ಈಗ್ಲೂ ಇದ್ರಾ ಹಡಗಂಗೆ?"

ಜಮೈಕಾದವ ಹೌದೆಂದು ತಲೆ ಆಡಿಸಿದ. ದೊಡ್ಡಮ್ಮನ ನಗು ಅಲ್ಲಿಗೇ ನಿಂತಿತು. ಎದ್ದು ಒಳಗೆ ಹೋದಳು. ಅಟ್ಟದ ಡಬ್ಬಿ ತೆಗೆದ ಸದ್ದಾಯಿತು. ಬರುವಾಗ ಅವಳ ಕೈಯಲ್ಲಿ ಬಟ್ಟೆ ಸುತ್ತಿದ, ತೆಂಗಿನಕಾಯಿಗಿಂತ ದೊಡ್ಡ ಗಂಟೊಂದು ಇತ್ತು. ಅದನ್ನು ಜಮೈಕಾದವನ ಮಡಿಲಿಗೆ ಹಾಕಿ ಹೇಳಿದಳು:

"ಪಾಪ, ಅಷ್ಟ್ ದಿನ ವಾಸ್ನಿ ತಕಂಡೂ ಒಂದ್ ತುಂಡ್ ಸಿಕ್ಕಲ್ಲೆ ಆ ಮನ್ಷಂಗೆ. ಇದನ್ನ್ ಅವ್ರ ಕೈಯಂಗೇ ಕೊಡ್ಕ್ ಅಂತ ಹೇಳ್."